50 ವರ್ಷದ ಕೊನ್ಯಾಕ್ 25 ವರ್ಷದ್ದಕ್ಕಿಂತ ಚೆನ್ನಾಗಿರಲೇಬೇಕಾ?

ಓದುಗರ ಪ್ರಶ್ನೆ: ಒಬ್ಬನೇ ಸ್ವತಂತ್ರ ಬಾಟ್ಲರ್‌ನ ಮೂರು ಹಳೆಯ ಕೊನ್ಯಾಕ್‌ಗಳ (ಫ್ರಾನ್ಸಿನ ದ್ರಾಕ್ಷಿ ಬ್ರಾಂಡಿ) ಸ್ಯಾಂಪಲ್ ಸಿಕ್ಕಿದೆ. ಒಂದು 25 ವರ್ಷದ್ದು, ಒಂದು 40 ದಾಟಿದ್ದು, ಇನ್ನೊಂದು 50 ದಾಟಿದ್ದು. ವಯಸ್ಸು ಜಾಸ್ತಿ ಆದಷ್ಟೂ ರುಚಿ ಜಾಸ್ತಿನಾ? ಮೂರನ್ನೂ ಹೋಲಿಸಿ ನೋಡೋದು ಹೇಗೆ?

ಇಲ್ಲ, ಹಾಗೇನೂ ನಿಯಮವಿಲ್ಲ. ಮೂರರಲ್ಲಿ 25 ವರ್ಷದ್ದೇ ನಿಮಗೆ ಹೆಚ್ಚು ಇಷ್ಟವಾದರೆ ಆಶ್ಚರ್ಯಪಡಬೇಡಿ. ವಯಸ್ಸಿನ ಅಂಕಿಗಿಂತ ಆ ವರ್ಷಗಳು ಎಲ್ಲಿ ಕಳೆದವು, ಯಾವ ಪೀಪಾಯಿಯಲ್ಲಿ ಕಳೆದವು ಅನ್ನೋದು ಮುಖ್ಯ.

ಮೊದಲು ಸ್ವತಂತ್ರ ಬಾಟ್ಲರ್ ಅಂದರೆ ಯಾರು ಅಂತ ಹೇಳಿಬಿಡುತ್ತೇನೆ. ಕೊನ್ಯಾಕ್ ಮಾರಾಟದ ಬಹುಪಾಲು ಹೆನೆಸ್ಸಿ, ಮಾರ್ಟೆಲ್, ರೆಮಿ ಮಾರ್ಟಿನ್, ಕೂರ್ವೋಸಿಯೆ ಎಂಬ ನಾಲ್ಕು ಕಂಪನಿಗಳದ್ದು. ಅವರು ನೂರಾರು ಪೀಪಾಯಿಗಳ ಸರಕನ್ನು ಬೆರೆಸಿ, ಪ್ರತಿ ವರ್ಷವೂ ಒಂದೇ ರುಚಿ ಬರುವ ಹಾಗೆ ಮಾಡುತ್ತಾರೆ. ಆದರೆ ಕೊನ್ಯಾಕ್ ತಯಾರಾಗುವ ಶಾರಾಂತ್ ನದಿಯ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಸಾವಿರಾರು ದ್ರಾಕ್ಷಿ ಬೆಳೆಗಾರರಿದ್ದಾರೆ. ಎಷ್ಟೋ ಮನೆಗಳಲ್ಲಿ ಅಜ್ಜನ ಕಾಲದ ಒಂದೆರಡು ಪೀಪಾಯಿ ಹಾಗೇ ಉಳಿದಿರುತ್ತವೆ. ಅಂಥವನ್ನು ಹುಡುಕಿ, ಕೊಂಡು, ಬೆರೆಸದೆ ಬಾಟಲಿ ತುಂಬಿಸುವವರೇ ಇವರು. ಸೆಂತ್ ಊರಿನ ಗ್ರೋಪೆರಾಂ ಮನೆತನ ಇದಕ್ಕೆ ಒಳ್ಳೆಯ ಉದಾಹರಣೆ. ಜ್ಯಾಂ ಗ್ರೋಪೆರಾಂ ಹಳೆಯ ಸರಕಿನ ದಲ್ಲಾಳಿಯಾಗಿದ್ದವರು. ಊರೂರು ಸುತ್ತಿ ರುಚಿ ನೋಡುವುದೇ ಅವರ ಕಸುಬಾಗಿತ್ತು.

ಹೀಗೆ ಬರುವ ಬಾಟಲಿಗಳಲ್ಲಿ ಸಾಮಾನ್ಯವಾಗಿ ಕ್ಯಾರಮೆಲ್ ಬಣ್ಣ, ಸಕ್ಕರೆ, ಮರದ ಕಷಾಯ ಇರುವುದಿಲ್ಲ. ಇವನ್ನು ಮಿತಿಯಲ್ಲಿ ಸೇರಿಸಲು ಕಾನೂನಿನಲ್ಲಿ ಅವಕಾಶವಿದೆ, ಅಂಗಡಿಯಲ್ಲಿ ಸಿಗುವ ಎಷ್ಟೋ ಕೊನ್ಯಾಕ್‌ಗಳಲ್ಲಿ ಇರುತ್ತವೆ ಕೂಡ. ಅದಕ್ಕೇ ಸ್ವತಂತ್ರ ಬಾಟ್ಲರ್‌ನ ಮೊದಲ ಗುಟುಕು ಎಷ್ಟೋ ಜನರಿಗೆ ಸಪ್ಪೆ ಅನ್ನಿಸುತ್ತದೆ. ಅವಸರಪಡಬೇಡಿ, ನಾಲಿಗೆ ಆ ಸಿಹಿಯನ್ನು ಮರೆಯಲಿ.

ಈಗ ವಯಸ್ಸಿನ ವಿಷಯ. ಕೊನ್ಯಾಕ್‌ಗೆ ವಯಸ್ಸು ಆಗೋದು ಓಕ್ ಮರದೊಳಗೆ ಮಾತ್ರ. ತಾಮ್ರದ ಹಂಡೆಯಲ್ಲಿ ಎರಡು ಸಲ ಭಟ್ಟಿ ಇಳಿಸಿದಾಗ ಸುಮಾರು 70% ಆಲ್ಕೋಹಾಲ್ ಇರುವ, ಬಣ್ಣವಿಲ್ಲದ ದ್ರವ ಸಿಗುತ್ತದೆ. ಅದು ಪೀಪಾಯಿ ಸೇರಿ ಮರದಿಂದ ಒಗರು, ಬಣ್ಣ, ವೆನಿಲ್ಲಾ ಘಮ ಹೀರುತ್ತದೆ. ಗಾಳಿ ಸೋಕಿ ನಿಧಾನಕ್ಕೆ ಬದಲಾಗುತ್ತದೆ. ಸಾಕು ಅನ್ನಿಸಿದಾಗ ನೆಲಮಾಳಿಗೆಯ ಉಸ್ತುವಾರಿ ನೋಡುವ ಮಾಸ್ಟರ್ ಅದನ್ನು ಬೆತ್ತ ಹೆಣೆದ ದೊಡ್ಡ ಗಾಜಿನ ಬುರುಡೆಗಳಿಗೆ ಇಳಿಸುತ್ತಾರೆ. ಅಲ್ಲಿಗೆ ಬದಲಾವಣೆ ಬಹುಮಟ್ಟಿಗೆ ನಿಂತ ಹಾಗೆ. 1950ರಲ್ಲಿ ಭಟ್ಟಿ ಇಳಿಸಿ 1980ರಲ್ಲಿ ಗಾಜಿಗೆ ಹಾಕಿದ್ದರೆ, ಇವತ್ತು ಬಾಟಲಿ ತುಂಬಿಸಿದರೂ ಅದು 30 ವರ್ಷದ ಕೊನ್ಯಾಕೇ. ಹಾಗಾಗಿ ನಿಮ್ಮ 50 ದಾಟಿದ ಸ್ಯಾಂಪಲ್ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ: ಮರದಿಂದ ಇಳಿಸಿದ್ದು ಯಾವಾಗ?

ಇಳಿಸದೆ ಹಾಗೇ ಬಿಟ್ಟರೂ ಕಷ್ಟವೇ. ಒಗರು ಏರುತ್ತಾ ಹೋಗಿ ಹಣ್ಣಿನ ರುಚಿಯೆಲ್ಲ ಮುಳುಗಿಹೋಗಬಹುದು. ಜೊತೆಗೆ ವರ್ಷಕ್ಕೆ ಸುಮಾರು 2% ಆವಿಯಾಗುತ್ತದೆ. ಈ ಲೆಕ್ಕದಲ್ಲಿ 350 ಲೀಟರ್ ಪೀಪಾಯಿಯಲ್ಲಿ 50 ವರ್ಷಕ್ಕೆ ಉಳಿಯೋದು 130 ಲೀಟರ್‌ಗಿಂತ ಕಡಿಮೆ. ಬೆಲೆ ಏರುವುದಕ್ಕೆ ಇದೊಂದು ದೊಡ್ಡ ಕಾರಣ. ಅಂದರೆ ಜಾಸ್ತಿ ದುಡ್ಡಿನಲ್ಲಿ ಒಂದು ಪಾಲು ಆವಿಯಾಗಿ ಹೋದದ್ದಕ್ಕೆ, ರುಚಿಗಲ್ಲ.

ಇನ್ನು ಹೋಲಿಸುವ ವಿಧಾನ. ಹೊಟ್ಟೆ ಉಬ್ಬಿದ ದೊಡ್ಡ ಬಲೂನ್ ಗ್ಲಾಸ್ ಬೇಡ, ಬಾಯಿ ಕಿರಿದಾದ ಸಣ್ಣ ಟ್ಯೂಲಿಪ್ ಗ್ಲಾಸ್ ಸಾಕು. ಮೂರಕ್ಕೂ 15 ಎಂಎಲ್ ಹಾಕಿ, ಅರ್ಧ ಗಂಟೆ ಸುಮ್ನೆ ಬಿಡಿ. ಬೆಂಕಿಗೆ ಹಿಡಿದು ಬಿಸಿ ಮಾಡಬೇಡಿ, ಘಾಟು ಮಾತ್ರ ಮೇಲೇಳುತ್ತದೆ. ಅಂದು ಮಧ್ಯಾಹ್ನದ ಊಟಕ್ಕೆ ಖಾರದ ಸಾರು, ಉಪ್ಪಿನಕಾಯಿ ಬೇಡ. ಮುಂಚೆ ಕಾಫಿಯೂ ಬೇಡ.

ಕುಡಿಯುವ ಕ್ರಮವನ್ನು ವಯಸ್ಸಿನ ಮೇಲೆ ಇಡಬೇಡಿ, ಆಲ್ಕೋಹಾಲ್ ಪ್ರಮಾಣದ ಮೇಲೆ ಇಡಿ. ತೇವದ ನೆಲಮಾಳಿಗೆಯಲ್ಲಿ ಆಲ್ಕೋಹಾಲ್ ಬೇಗ ಇಳಿಯುತ್ತದೆ, ಒಣ ಜಾಗದಲ್ಲಿ ನೀರು ಹೆಚ್ಚು ಆರಿಹೋಗಿ ಆಲ್ಕೋಹಾಲ್ ಉಳಿದುಕೊಳ್ಳುತ್ತದೆ. ಹಾಗಾಗಿ 50 ವರ್ಷದ್ದು 43% ಇದ್ದು, 25 ವರ್ಷದ್ದು 52% ಇರಬಹುದು. 52% ಮೊದಲು ಕುಡಿದರೆ ಆಮೇಲಿನದ್ದು ನೀರು ನೀರು ಅನ್ನಿಸುತ್ತದೆ, ಪಾಪ, ಅದರ ತಪ್ಪೇನಿಲ್ಲ.

ಮೊದಲ ಸುತ್ತು ಬರೀ ಮೂಗಿನದ್ದು. ಗ್ಲಾಸನ್ನು ಗಲ್ಲದ ಹತ್ತಿರ ಹಿಡಿದು ನಿಧಾನಕ್ಕೆ ಮೇಲೆ ತನ್ನಿ. ಒಣ ಏಪ್ರಿಕಾಟ್, ಕಿತ್ತಳೆ ಸಿಪ್ಪೆ, ಹೂವಿನ ಘಮ ಕಿರಿಯದರಲ್ಲಿ ಎದ್ದು ಕಾಣುತ್ತದೆ. ಹಳೆಯದರಲ್ಲಿ ಬೇರೊಂದು ವಾಸನೆ ಬರಬೇಕು: ಹಳೆಯ ಅಕ್ರೋಟು, ಒಣ ಅಣಬೆ, ತೇವದ ಎಲೆ, ಚರ್ಮದ ಚೀಲ, ಎಲ್ಲೋ ಒಂದು ಚೂರು ಕಮಟು. ಇದಕ್ಕೆ ರಾನ್ಸಿಯೋ ಅಂತಾರೆ. ದ್ರಾಕ್ಷಿ ಮದ್ಯದ ಗಸಿಯಿಂದ ಬಂದ ಕೊಬ್ಬಿನ ಆಮ್ಲಗಳು ವರ್ಷಗಟ್ಟಲೆ ಗಾಳಿಯ ಜೊತೆ ಸೇರಿ ಕೀಟೋನ್‌ಗಳಾಗುತ್ತವೆ, ಅದರದೇ ಈ ಪರಿಮಳ. ನಾನು ಹಳೆಯ ಕೊನ್ಯಾಕ್‌ಗೆ ದುಡ್ಡು ಕೊಡುವುದು ಇದಕ್ಕಾಗಿಯೇ. ಲೇಬಲ್‌ನಲ್ಲಿ 50 ಅಂತ ಇದ್ದು ಮೂಗಿಗೆ ರಾನ್ಸಿಯೋ ಸಿಗದೆ ಬರೀ ಮರ ಸಿಕ್ಕರೆ, ಆ ಪೀಪಾಯಿ ನನ್ನ ಮಟ್ಟಿಗೆ ಸೋತಿತು.

ಎರಡನೇ ಸುತ್ತು ಗುಟುಕಿನದ್ದು. ನುಂಗಿದ ಮೇಲೆ ಕೆನ್ನೆಯ ಒಳಗಡೆ ಗಮನಿಸಿ. ಎಳೆಯ ಅಡಿಕೆ ಅಗಿದ ಹಾಗೆ ಬಾಯಿ ಒಣಗಿದರೆ ಮರ ಜಾಸ್ತಿಯಾಗಿದೆ. ಬಾಯಲ್ಲಿ ನೀರೂರಿ ರುಚಿ ಹಲವು ನಿಮಿಷ ಉಳಿದರೆ ಅದು ಒಳ್ಳೆಯ ಮುಪ್ಪು.

ಮೂರನೇ ಸುತ್ತಿಗೆ ಎಲ್ಲವನ್ನೂ ಒಂದೇ ಮಟ್ಟಕ್ಕೆ ತನ್ನಿ. 52% ಇರುವ 15 ಎಂಎಲ್‌ಗೆ ಸುಮಾರು 3 ಎಂಎಲ್ ನೀರು ಸೇರಿಸಿದರೆ 43% ಆಸುಪಾಸಿಗೆ ಬರುತ್ತದೆ. ಗ್ಲಾಸಿನಲ್ಲಿ ಕಡಿಮೆ ಉಳಿದಿದ್ದರೆ ನೀರನ್ನೂ ಅದೇ ಲೆಕ್ಕದಲ್ಲಿ ಇಳಿಸಿ. ಹನಿ ಹನಿಯಾಗಿ ಹಾಕಿ, ನಡುವೆ ಮೂಸಿ ನೋಡುತ್ತಿರಿ. ಕೆಲವು ಅರಳುತ್ತವೆ, ಕೆಲವು ಚದುರಿಹೋಗಿ ಒಗರಷ್ಟೇ ಮೇಲೆ ತೇಲುತ್ತದೆ. ಯಾವುದರಲ್ಲಿ ಎಷ್ಟು ಸತ್ವ ಇದೆ ಅಂತ ನನಗೆ ಖಾತ್ರಿಯಾಗುವುದು ಈ ಸುತ್ತಿನಲ್ಲೇ.

ಊರೂ ನೋಡಿ, ಅಂದರೆ ಕೊನ್ಯಾಕ್ ಸೀಮೆಯ ಯಾವ ಭಾಗದ ದ್ರಾಕ್ಷಿ ಅಂತ. ಗ್ರಾಂಡ್ ಶಾಂಪೇನ್‌ನ ಸುಣ್ಣದ ಮಣ್ಣಿನ ಸರಕು ನಿಧಾನಕ್ಕೆ ಮಾಗುತ್ತದೆ, ದೀರ್ಘ ಕಾಲ ತಾಳುತ್ತದೆ. ಫಾಂ ಬ್ವಾದ್ದು ಬೇಗ ಮಾಗುತ್ತದೆ, ಹಣ್ಣು ಜಾಸ್ತಿ. ಬೋರ್ಡರಿಯಲ್ಲಿ ನೇರಳೆ ಹೂವಿನ ಘಮ. ಮೂರೂ ಬೇರೆ ಬೇರೆ ಊರಿನವಾದರೆ ನೀವು ಬರೀ ವಯಸ್ಸನ್ನು ಹೋಲಿಸುತ್ತಿಲ್ಲ ಅನ್ನೋದು ನೆನಪಿರಲಿ.

ಕೊನೆಗೆ ಒಂದನ್ನೇ ಕೊಳ್ಳಬೇಕು ಅಂತಾದರೆ, ನಾನಾದರೆ ನೀರು ಬೆರೆಸದ, 25ರಿಂದ 40 ವರ್ಷ ಮರದಲ್ಲಿದ್ದ ಬಾಟಲಿ ತೆಗೆದುಕೊಳ್ಳುತ್ತೇನೆ. ಹಣ್ಣೂ ಉಳಿದಿರುತ್ತದೆ, ರಾನ್ಸಿಯೋನೂ ಬಂದಿರುತ್ತದೆ. ತಂದ ಮೇಲೆ ವೈನ್ ಥರ ಅಡ್ಡ ಮಲಗಿಸಬೇಡಿ, ನೆಟ್ಟಗೆ ಇಡಿ. ಆಲ್ಕೋಹಾಲ್ ಬಿರಡೆಯನ್ನು ತಿನ್ನುತ್ತದೆ.