ಹದಿನೆಂಟು ಕುರಿ ಕೊಂದು ರಕ್ತ ಕುಡಿದು ಹೋದದ್ದು ತೋಳವೇ?

ಪ್ರಶ್ನೆ: ರಾತ್ರಿ ಕುರಿಹಟ್ಟಿಗೆ ನುಗ್ಗಿ 18 ಕುರಿ ಕೊಂದಿದೆ. ತಿಂದದ್ದು ಒಂದೋ ಎರಡೋ. ಮಿಕ್ಕವುಗಳ ಕತ್ತು ಕಚ್ಚಿ ರಕ್ತ ಹೀರಿ ಬಿಟ್ಟು ಹೋಗಿದೆ. ತೋಳದ್ದೇ ಕೆಲಸ ಎನ್ನುತ್ತಾರೆ ಊರವರು. ನಿಜವೇ?

ಉತ್ತರ: ರಕ್ತದ ಮಾತು ಮೊದಲು ಮುಗಿಸೋಣ. ತೋಳ ರಕ್ತ ಹೀರುವುದಿಲ್ಲ. ಅದು ಗಂಟಲು ಹಿಡಿಯುವುದು ಉಸಿರು ಕಟ್ಟಿಸಲು. ಕೋರೆಹಲ್ಲಿನ ತೂತು ಸಣ್ಣದು. ಹೊರಗೆ ಹರಿಯುವ ರಕ್ತ ಕಡಿಮೆ, ಹೆಚ್ಚಿನದು ಚರ್ಮದಡಿಯೇ ಹೆಪ್ಪುಗಟ್ಟಿರುತ್ತದೆ. ನೆಲದಲ್ಲಿ ರಕ್ತ ಕಾಣದಿದ್ದಾಗ ‘ಕುಡಿದುಬಿಟ್ಟಿದೆ’ ಎನಿಸುವುದು ಸಹಜ.

ಕೊಂದವರು ಯಾರು ಎಂಬ ಸುಳಿವೂ ಆ ಚರ್ಮದಡಿಯೇ ಇದೆ. ಮರಣೋತ್ತರ ಪರೀಕ್ಷೆಗೆ ಬರುವ ಪಶುವೈದ್ಯರಿಗೆ ಕತ್ತು ಮತ್ತು ತೊಡೆಯ ಚರ್ಮ ಬಿಡಿಸಿ ತೋರಿಸಲು ಹೇಳಿ. ಕಚ್ಚಿದಲ್ಲಿ ಕಪ್ಪುಗೆಂಪು ಹೆಪ್ಪು ಇದ್ದರೆ ಜೀವವಿದ್ದಾಗಲೇ ಕಚ್ಚಿದ್ದು. ಇಲ್ಲದಿದ್ದರೆ ಕುರಿ ಮೊದಲೇ ಸತ್ತಿತ್ತು, ಆಮೇಲೆ ಯಾವುದೋ ಪ್ರಾಣಿ ಬಂದು ಹರಿದಿದೆ. ಹಿಂಗಾಲು, ಬಾಲ, ಕಿವಿ, ಪಕ್ಕೆ ಎಂದು ಸಿಕ್ಕಸಿಕ್ಕಲ್ಲಿ ಹರಿದು, ಹಲವು ಕುರಿಗಳನ್ನು ಅರೆಜೀವ ಮಾಡಿ ಬಿಟ್ಟಿದ್ದರೆ ಮೊದಲ ಅನುಮಾನ ಬೀದಿನಾಯಿಗಳ ಮೇಲೆ. ಬೇಟೆಯಲ್ಲಿ ಪಳಗಿದ ತೋಳ ಕುರಿ, ಮೇಕೆಗಳನ್ನು ಸಾಮಾನ್ಯವಾಗಿ ಗಂಟಲಿಗೇ ಹಿಡಿಯುತ್ತದೆ, ಬೇರೆಡೆ ಗಾಯ ಕಡಿಮೆ; ಸಾಧ್ಯವಾದರೆ ಒಂದನ್ನು ಕಚ್ಚಿಕೊಂಡು ಹೊರಟುಹೋಗುತ್ತದೆ. ಚಿರತೆಯೂ ಗಂಟಲನ್ನೇ ಹಿಡಿಯುತ್ತದೆ, ಅದರ ಹೆಜ್ಜೆಯಲ್ಲಿ ಉಗುರಿನ ಗುರುತು ಇರುವುದಿಲ್ಲ. ನಾಯಿಯ ಹೆಜ್ಜೆ, ತೋಳದ ಹೆಜ್ಜೆ ಎರಡರಲ್ಲೂ ಉಗುರು ಮೂಡುತ್ತದೆ. ಒಂದೇ ಹೆಜ್ಜೆ ನೋಡಿ ‘ಇದು ತೋಳವೇ’ ಎನ್ನುವವರನ್ನು ನಂಬಬೇಡಿ.

ಇನ್ನೊಂದನ್ನು ಎಣಿಸಿ ನೋಡಿ: ಸತ್ತ 18ರಲ್ಲಿ ಕಚ್ಚಿದ ಗಾಯವೇ ಇಲ್ಲದವು ಎಷ್ಟು? ಬೆದರಿದ ಕುರಿಗಳು ಒಂದು ಮೂಲೆಗೆ ನುಗ್ಗಿ ಒಂದರ ಮೇಲೊಂದು ಬಿದ್ದಾಗ ಅಡಿಯಲ್ಲಿದ್ದವು ಉಸಿರುಕಟ್ಟಿ ಸಾಯುತ್ತವೆ. ಅವನ್ನೂ ತೋಳದ ಲೆಕ್ಕಕ್ಕೇ ಬರೆಯುತ್ತೇವೆ. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ.

ಹಾಗೆಂದು ತೋಳ ಒಂದಕ್ಕಿಂತ ಹೆಚ್ಚು ಕೊಲ್ಲುವುದೇ ಇಲ್ಲ ಎಂದಲ್ಲ. ಬಯಲಿನಲ್ಲಿ ಒಂದು ಕೃಷ್ಣಮೃಗ ಬಿದ್ದರೆ ಉಳಿದವು ಓಡಿ ಮರೆಯಾಗುತ್ತವೆ, ಬೇಟೆ ಅಲ್ಲಿಗೆ ಮುಗಿಯುತ್ತದೆ. ಹಟ್ಟಿಯೊಳಗೆ ಓಡಲು ದಾರಿಯಿಲ್ಲ. ಕಣ್ಣೆದುರು ಕುರಿಗಳು ಚೆಲ್ಲಾಪಿಲ್ಲಿಯಾಗುತ್ತಿರುವಷ್ಟು ಹೊತ್ತೂ ಹಿಡಿಯುವ ಚಪಲ ಕೆರಳುತ್ತಲೇ ಇರುತ್ತದೆ. ಕ್ರೌರ್ಯ, ಸೇಡು ಎಂಬ ಮಾತುಗಳು ಇಲ್ಲಿ ಹೊಂದುವುದಿಲ್ಲ. ಕೋಳಿಗೂಡಿಗೆ ಹೊಕ್ಕ ನಾಯಿ ಮಾಡುವುದೂ ಇದನ್ನೇ.

ಮನುಷ್ಯರ ಮೇಲೆ? ನಮ್ಮ ತೋಳ 20 ಕಿಲೋ ಆಸುಪಾಸಿನ ಪ್ರಾಣಿ, ಆಳನ್ನು ಕಂಡರೆ ದೂರ ಸರಿಯುವುದೇ ಅದರ ರೂಢಿ. ಉತ್ತರ ಪ್ರದೇಶದ ಬಹರಾಯಿಚ್‌ನಲ್ಲಿ 2024ರಲ್ಲಿ ಮಕ್ಕಳು ಸತ್ತದ್ದು ನಿಜ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಅಂಥದ್ದು ತೀರ ಅಪರೂಪ. ನಿಜವಾದ ಅಪಾಯ ಹುಚ್ಚು ಹಿಡಿದ ತೋಳದ್ದು. ಕಚ್ಚಿದರೆ ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ರೇಬೀಸ್ ಲಸಿಕೆಗೆ ಹೋಗಿ. ಗಾಯದೊಳಗೆ ಮತ್ತು ಸುತ್ತ ಚುಚ್ಚುವ ಇಮ್ಯುನೊಗ್ಲಾಬ್ಯುಲಿನ್ (ರೇಬೀಸ್ ವಿರುದ್ಧದ ಸಿದ್ಧ ಪ್ರತಿಕಾಯ) ಬಗ್ಗೆಯೂ ಕೇಳಿ.

ಈಗ ಹಟ್ಟಿಯ ವಿಚಾರ. ಬಳ್ಳಾರಿ ಜಾಲಿಯ ಮುಳ್ಳುಬೇಲಿ ಸಾಕಾಗುತ್ತದೆ, ಕಟ್ಟುವ ಕ್ರಮ ಸರಿಯಿದ್ದರೆ. ಬುಡ ಒಳಗೆ, ಮುಳ್ಳಿನ ತುದಿ ಹೊರಗೆ ಇರಲಿ. ಎತ್ತರ ಆರಡಿ. ಬೇಲಿ ಸೋಲುವುದು ಹೆಚ್ಚಾಗಿ ಕೆಳಗೆ: ನೆಲದ ಸಂದಿಯಲ್ಲಿ ತಲೆ ತೂರುವಷ್ಟು ಜಾಗವಿದ್ದರೂ ಸಾಕು, ಕೆದರಿ ಅಗಲ ಮಾಡಿಕೊಂಡು ನುಗ್ಗುತ್ತದೆ. ಸುತ್ತಲೂ ದಪ್ಪ ಕಲ್ಲು ಒತ್ತಿಡಿ. ಎರಡನೆಯ ತಪ್ಪು ಬಾಗಿಲಿನದು, ಅಲ್ಲಿ ಒಂದೇ ಕೊಂಬೆ ಎಳೆದು ಮಲಗುತ್ತಾರೆ. ನಾಯಿ ಎರಡಾದರೂ ಬೇಕು, ಹಟ್ಟಿಯ ಎರಡು ಮಗ್ಗುಲಲ್ಲಿ. ಗೂಟಕ್ಕೆ ಕಟ್ಟಿದ ನಾಯಿ ಬೊಗಳುತ್ತದೆ, ತಡೆಯಲಾರದು. ಅವುಗಳಿಗೆ ರೇಬೀಸ್, ಡಿಸ್ಟೆಂಪರ್ (ನಾಯಿಗಳ ಮಾರಕ ಸೋಂಕುರೋಗ) ಎರಡೂ ಲಸಿಕೆ ಹಾಕಿಸಿ. ನಾಯಿಗಳಿಂದ ತೋಳಗಳಿಗೆ ದಾಟುವ ರೋಗಗಳಿವು. ದೀಪ ಹಚ್ಚುವುದಾದರೆ ಜಾಗ ಬದಲಿಸುತ್ತಿರಿ. ಒಂದೇ ಕಡೆ ಉರಿಯುವ ದೀಪಕ್ಕೆ ಪ್ರಾಣಿಗಳು ಬೇಗ ಒಗ್ಗಿಹೋಗುತ್ತವೆ. ಸತ್ತ ಮರಿಯನ್ನು ಹಳ್ಳಕ್ಕೆ ಎಸೆಯಬೇಡಿ, ಆಳವಾಗಿ ಹೂಳಿ. ಎಸೆದ ಹೆಣವೇ ಬೀದಿನಾಯಿಗೂ ತೋಳಕ್ಕೂ ದಾರಿ ತೋರಿಸುವುದು.

ವಿಷ ಬೆರೆಸಿದ ಮಾಂಸ, ಗವಿಗೆ ಹೊಗೆ, ಇವೆರಡೂ ಬೇಡ. ವಿಷಕ್ಕೆ ಮೊದಲು ಬೀಳುವುದು ನಿಮ್ಮದೇ ನಾಯಿ, ಆಮೇಲೆ ಹದ್ದು, ರಣಹದ್ದು. ತೋಳ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಕೊಂದರೆ ಕನಿಷ್ಠ 3 ವರ್ಷ ಜೈಲು. ದೇಶದಲ್ಲಿ ಉಳಿದಿರುವುದು ಸುಮಾರು 3,000, ಅವುಗಳ ನೆಲೆಯೂ ಹೆಚ್ಚಾಗಿ ದಟ್ಟ ಕಾಡಲ್ಲ, ನಾವು ಬಂಜರು ಎಂದು ಬರೆದಿಟ್ಟ ಹುಲ್ಲುಗಾವಲು. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಧಾಮಕ್ಕೆ ಆಯ್ದುಕೊಂಡದ್ದು ಅಂಥದ್ದೇ ಕುರುಚಲು ನೆಲ.

ಪರಿಹಾರ ಬೇಕಿದ್ದರೆ ಹೆಣಗಳನ್ನು ಅಲುಗಿಸದೆ ಫೋಟೊ ತೆಗೆದು, ವಲಯ ಅರಣ್ಯ ಕಚೇರಿಗೆ ಕೂಡಲೇ ತಿಳಿಸಿ. ಅವರು ಬಂದು ಪಂಚನಾಮೆ ಮಾಡುವವರೆಗೆ ಬಿಸಿಲು ಬೀಳದಂತೆ, ನಾಯಿ ಮುಟ್ಟದಂತೆ ಹೆಜ್ಜೆಗುರುತಿನ ಮೇಲೊಂದು ಬುಟ್ಟಿ ಬೋರಲು ಹಾಕಿಡಿ.