ಸ್ವಂತ ಫಾಂಟ್ ಸ್ಕ್ರೀನಿನಲ್ಲಿ ಚಂದ, ಅಚ್ಚಿನಲ್ಲಿ ಯಾಕೆ ಕೆಡುತ್ತದೆ?

ತಮ್ಮದೇ ಫಾಂಟ್ ಮಾಡಿಸುವ ಸಂಸ್ಥೆಗಳು, ಪತ್ರಿಕೆಗಳು ಈಗ ಬೇಕಾದಷ್ಟಿವೆ. ಸ್ಕ್ರೀನಿನ ಮೇಲೆ ದೊಡ್ಡದಾಗಿ ತೋರಿಸಿದಾಗ ಎಲ್ಲರೂ ಒಪ್ಪುತ್ತಾರೆ. ಅದೇ ಅಕ್ಷರ ಕರಪತ್ರದ ಅಡಿಯಲ್ಲಿ 7 ಪಾಯಿಂಟಿನಷ್ಟು ಸಣ್ಣ ಅಳತೆಗೆ ಇಳಿದು ಅಚ್ಚಾದಾಗ ಮೂಲೆಗಳಲ್ಲಿ ಇಂಕು ಕಟ್ಟಿಕೊಂಡು ಓದಲಿಕ್ಕೇ ಆಗುವುದಿಲ್ಲ. ಇದು ಕಂಪ್ಯೂಟರ್ ತಂದ ತೊಂದರೆ ಅಂತ ಅನ್ನಿಸುತ್ತದೆ, ಅಲ್ವಾ? ಆದರೆ ಇದು ಶುರುವಾಗಿ ನೂರು ವರ್ಷಕ್ಕೂ ಜಾಸ್ತಿಯಾಗಿದೆ.

ಹಿಂದೆ ಅಕ್ಷರವನ್ನು ಉಕ್ಕಿನ ಕಡ್ಡಿಯ ತುದಿಯಲ್ಲಿ, ಅಚ್ಚಾಗುವ ಅಳತೆಯಲ್ಲೇ ಕೆತ್ತುತ್ತಿದ್ದರು. ಅದನ್ನು ತಾಮ್ರಕ್ಕೆ ಒತ್ತಿ, ಬಿದ್ದ ಗುಳಿಗೆ ಕರಗಿದ ಸೀಸದ ಮಿಶ್ರಣ ಸುರಿದರೆ ಅಚ್ಚುಮೊಳೆ ಸಿದ್ಧ. ಸಣ್ಣ ಅಳತೆಗೆ ಬೇರೆ ಕೆತ್ತನೆ, ದೊಡ್ಡದಕ್ಕೆ ಬೇರೆ. ಹಾಗಾಗಿ ಸಣ್ಣದರಲ್ಲಿ ಗೆರೆ ಸ್ವಲ್ಪ ದಪ್ಪವಾಗಿ, ಅಕ್ಷರದ ಒಳಗಿನ ಜಾಗ ಅಗಲವಾಗಿ ಬರುತ್ತಿತ್ತು. ಮೊಳೆ ಹುಟ್ಟುತ್ತಿದ್ದದ್ದೂ ಒಂದು ಕೆಲಸಕ್ಕೆಂದೇ. ಜರ್ಮನಿಯ ಮುದ್ರಕ ಗುಟೆನ್‌ಬರ್ಗ್ ತನ್ನ ಬೈಬಲ್‌ಗೆ ಕೈಬರಹದಂತೆ ಕಾಣಲೆಂದು ಸುಮಾರು 290 ಬಗೆಯ ಮೊಳೆ ಬಳಸಿದ. ವೆನಿಸ್‌ನ ಮುದ್ರಕ ಆಲ್ಡಸ್ ಮನೂಶಿಯಸ್ 1501ರಲ್ಲಿ ಕೈಯಲ್ಲಿ ಹಿಡಿಯುವ ಸಣ್ಣ ಪುಸ್ತಕಗಳಿಗೆ ಇಟಾಲಿಕ್, ಅಂದರೆ ಓರೆಯಾಗಿ ಬಾಗಿದ ಅಕ್ಷರ, ಬಳಸಿದ. ಕೆತ್ತಿದ್ದು ಫ್ರಾಂಚೆಸ್ಕೊ ಗ್ರಿಫೊ.

1885ರಲ್ಲಿ ಅಮೆರಿಕದ ಲಿನ್ ಬಾಯ್ಡ್ ಬೆಂಟನ್‌ನ ಕೆತ್ತನೆ ಯಂತ್ರ ಬಂತು. ದೊಡ್ಡದಾಗಿ ಒಂದು ಚಿತ್ರ ಬರೆದುಕೊಟ್ಟರೆ ಸಾಕು, ಅದನ್ನೇ ಕಿರಿದು ಮಾಡಿ ಬೇಕಾದ ಅಳತೆಗೆಲ್ಲ ಕೆತ್ತಬಹುದು. ಕೆತ್ತಲು ಬಾರದವರೂ ಅಕ್ಷರ ವಿನ್ಯಾಸಕ್ಕೆ ಇಳಿದರು, ಅದು ದೊಡ್ಡ ಲಾಭ. ಅಳತೆಗೆ ತಕ್ಕಂತೆ ತಿದ್ದಲು ಯಂತ್ರದಲ್ಲೂ ದಾರಿ ಇತ್ತು. ಆದರೂ ಬರೆಯುವ ಕೈಗೂ ಅಚ್ಚಾಗುವ ಅಳತೆಗೂ ನಡುವೆ ದೂರ ಬೆಳೆಯಿತು. ಮೊಳೆಯ ಬದಲು ಬೆಳಕಿನಿಂದ ಅಕ್ಷರ ಮೂಡಿಸುವ ಫೋಟೊ ಟೈಪ್‌ಸೆಟ್ಟಿಂಗ್ ಬಂದ ಮೇಲೆ ಒಂದೇ ಚಿತ್ರವನ್ನು ಹಿಗ್ಗಿಸಿ ಕುಗ್ಗಿಸಿ ಎಲ್ಲಕ್ಕೂ ಬಳಸುವುದೇ ರೂಢಿಯಾಯಿತು.

ಈ ದೂರವನ್ನು ದಾಟಿದವರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಅಕ್ಷರ ವಿನ್ಯಾಸಕಾರ ಮ್ಯಾಥ್ಯೂ ಕಾರ್ಟರ್ ಕೆಲಸ. ಅಮೆರಿಕದ ಟೆಲಿಫೋನ್ ಕಂಪನಿ ಎಟಿ ಅಂಡ್ ಟಿ ತನ್ನ ಟೆಲಿಫೋನ್ ಡೈರೆಕ್ಟರಿಗೆ ಹೊಸ ಅಕ್ಷರ ಕೇಳಿತು. ಅಗ್ಗದ ಕಾಗದ, ವೇಗದ ಯಂತ್ರ, 6 ಪಾಯಿಂಟ್ ಅಳತೆ. ಇಂಕು ಹರಡುವುದನ್ನು ತಡೆಯಲು ಹೋಗದೆ, ಗೆರೆಗಳು ಕೂಡುವ ಮೂಲೆಯಲ್ಲಿ ಕಾರ್ಟರ್ ಕಚ್ಚು ಹಾಕಿದರು. ಹಿಗ್ಗಿಸಿ ನೋಡಿದರೆ ಅಕ್ಷರವನ್ನು ಇಲಿ ಕಡಿದಂತೆ ಕಾಣುತ್ತದೆ, ಅಚ್ಚಾಗುವಾಗ ಮಾತ್ರ ಇಂಕು ಆ ಕಚ್ಚುಗಳನ್ನು ತುಂಬಿ ಅಕ್ಷರ ಸರಿಯಾಗಿ ಮೂಡುತ್ತದೆ. 1978ರಲ್ಲಿ ಬಂದ ಅದರ ಹೆಸರು ಬೆಲ್ ಸೆಂಟೆನಿಯಲ್. ಇಕ್ಕಟ್ಟಾದ ಅಕ್ಷರವಾದ್ದರಿಂದ ಕಾಗದವೂ ಉಳಿಯಿತು. ಅದನ್ನೇ ಸುಮ್ನೆ ಚಂದಕ್ಕೆಂದು ಪೋಸ್ಟರಿಗೆ ಹಾಕಿದರೆ ಕಚ್ಚುಗಳೆಲ್ಲ ಬಯಲಾಗುತ್ತವೆ, ಯಾಕೆಂದರೆ ಅದು ಪೋಸ್ಟರಿಗಾಗಿ ಹುಟ್ಟಿದ್ದಲ್ಲ.

1986ರಲ್ಲಿ ಫಾಂಟೋಗ್ರಾಫರ್ ತಂತ್ರಾಂಶ ಬಂತು, ಮೇಜಿನ ಮೇಲೆ ಕಂಪ್ಯೂಟರ್ ಇದ್ದವರು ಫಾಂಟ್ ಮಾಡುವಂತಾಯಿತು. 2016ರಲ್ಲಿ ಬಂದ ವೇರಿಯಬಲ್ ಫಾಂಟ್‌ನಲ್ಲಿ ಅಳತೆ ಬದಲಾದಂತೆ ಅಕ್ಷರದ ಆಕಾರವೂ ಬದಲಾಗುವ ಏರ್ಪಾಡು ಮಾಡಬಹುದು. ಆದರೆ ಅದು ತಾನಾಗಿ ಬರುವುದಿಲ್ಲ, ವಿನ್ಯಾಸಕಾರರು ಸಣ್ಣ ಅಳತೆಯ ರೂಪವನ್ನೂ ಕೂತು ಬರೆಯಬೇಕು. ಆದ್ದರಿಂದ ಫಾಂಟ್ ಮಾಡಿಸುವಾಗಲೇ ಸಣ್ಣ ಅಳತೆಗೆ ಬೇರೆ ರೂಪ ಬೇಕೆಂದು ಹೇಳಿ, ಅದಕ್ಕೂ ಹಣ ಇಡಿ. ಒಪ್ಪಿಗೆ ಕೊಡುವ ಮೊದಲು ನೀವು ನಿಜವಾಗಿ ಬಳಸುವ ಕಾಗದದ ಮೇಲೆ, ಬಳಸುವ ಅಳತೆಯಲ್ಲೇ ಅಚ್ಚು ಹಾಕಿಸಿ ನೋಡಿ.