ಫೋಟೋ ನೋಡಿ ‘ನಮ್ಮವನಲ್ಲ’ ಅನ್ನುವ ಮೊದಲು

“ಪೌತಿ ಖಾತೆ ಮಾಡಿಸ್ಬೇಕು ವಕೀಲ್ರೇ, ಡೆತ್ ಸರ್ಟಿಫಿಕೇಟ್ ಇಲ್ಲ” ಅಂತ, ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು ಊರಿನಿಂದ ಮುಂಬೈಯಲ್ಲಿರುವ ನನಗೆ ಫೋನ್ ಬಂದರೆ ನಾನು ಮೊದಲು ಕೇಳುವುದು ಒಂದೇ. ಆವಾಗ ಮುಂಬೈ ಪೊಲೀಸರು ನಿಮಗೆ ಶವದ ಫೋಟೋ ಕಳಿಸಿದ್ದರಾ? ಆ ಕಡೆಯವರು ತಡವರಿಸಿದರೆ, ಕಳಿಸಿದ್ದರು ಅಂತಲೇ ಲೆಕ್ಕ.

ಯಾದಗಿರಿ, ಕಲಬುರಗಿ ಕಡೆಯಿಂದ ಸೆಂಟ್ರಿಂಗ್ ಕೆಲಸಕ್ಕೆ ಬಂದವರು, ಕುಂದಾಪುರದ ಕಡೆಯಿಂದ ಹೋಟೆಲಿಗೆ ಬಂದವರು, ಲೋಕಲ್ ಟ್ರೇನಿನಿಂದ ಬಿದ್ದೋ ಫುಟ್‌ಪಾತಿನಲ್ಲಿ ಮಲಗಿದ್ದಲ್ಲೇ ಹೋಗಿಯೋ, ಜೇಬಿನಲ್ಲಿ ಒಂದು ಚೀಟಿಯೂ ಇಲ್ಲದೆ ಇಲ್ಲಿನ ಶವಾಗಾರ ಸೇರುತ್ತಾರೆ. ಹಳಿಯ ಮೇಲಾದರೆ ರೈಲ್ವೆ ಪೊಲೀಸರು, ಬೇರೆ ಕಡೆಯಾದರೆ ಆ ಏರಿಯಾದ ಠಾಣೆಯವರು ಎಡಿಆರ್, ಅಂದರೆ ಆಕಸ್ಮಿಕ ಸಾವಿನ ವರದಿ, ದಾಖಲಿಸುತ್ತಾರೆ. ಇದಕ್ಕೆ ಹಿಂದೆ ಕ್ರಿಮಿನಲ್ ಪ್ರಕ್ರಿಯೆಯ ಕಾಯ್ದೆ ಸಿಆರ್‌ಪಿಸಿ 174 ಇತ್ತು, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಹೊಸ ಕಾಯ್ದೆ ಬಿಎನ್‌ಎಸ್‌ಎಸ್ 194. ಪಂಚನಾಮೆ, ಪೋಸ್ಟ್‌ಮಾರ್ಟಂ ಎಲ್ಲ ನಿಮಗೆ ಗೊತ್ತಿರುವುದೇ, ಬಿಡಿ.

ನನ್ನ ತಲೆ ಕೆಡಿಸುವುದು ಆಮೇಲಿನದು. ಪೊಲೀಸರು ಹೇಗೋ ಮನೆ ಪತ್ತೆ ಮಾಡಿ ವಾಟ್ಸಾಪಿನಲ್ಲಿ ಫೋಟೋ ಕಳಿಸುತ್ತಾರೆ. ಮನೆಯವರು ನೋಡುತ್ತಾರೆ. ಗುರುತು ಸಿಗುತ್ತದೆ. ಆದರೂ ‘ನಮ್ಮವನಲ್ಲ’ ಅಂತಾರೆ! ಯಾಕೆಂದರೆ ಹೌದು ಅಂದರೆ ಮುಂಬೈಗೆ ಹೋಗಬೇಕು, ಆಂಬುಲೆನ್ಸಿಗೆ ಸಾಲ ಮಾಡಬೇಕು, ಕೇಸಿನಲ್ಲಿ ಸಿಕ್ಕಿಹಾಕಿಕೊಳ್ಳಬೇಕು ಅಂತ ಯಾರೋ ತಲೆಗೆ ತುಂಬಿರುತ್ತಾರೆ. ಹೆಚ್ಚಾಗಿ ಅದು ಮೇಸ್ತ್ರಿಯೇ. ಅವನ ಭಯ ಬೇರೆ, ಎಲ್ಲಿ ತಾನು ಪರಿಹಾರ ಕೊಡಬೇಕಾಗುತ್ತದೋ ಅನ್ನುವ ಚಿಂತೆ.

ಸ್ವಲ್ಪ ಕೇಳಿ. ಗುರುತು ಹೇಳುವುದು ಒಂದು ಕೆಲಸ, ಶವ ಒಯ್ಯುವುದು ಇನ್ನೊಂದು ಕೆಲಸ. ಎರಡನ್ನೂ ಒಟ್ಟಿಗೆ ಮಾಡಲೇಬೇಕು ಅಂತ ಎಲ್ಲೂ ಇಲ್ಲ. ‘ಹೌದು, ಇವನು ನನ್ನ ಅಣ್ಣ, ಊರಿಗೆ ಒಯ್ಯುವ ಶಕ್ತಿ ನಮಗಿಲ್ಲ, ಅಲ್ಲೇ ಮುಗಿಸಿ’ ಅಂತ ಬರೆದುಕೊಡಬಹುದು. ಇಲ್ಲೇ ಬಂದು ಮುಗಿಸಿದರೂ ಮಹಾನಗರಪಾಲಿಕೆ ಸ್ಮಶಾನದಲ್ಲಿ ಕಟ್ಟಿಗೆಗೆ ದುಡ್ಡು ಕೊಡಬೇಕಿಲ್ಲ. ಗುರುತು ಹೇಳಿದ್ದಕ್ಕೆ ನಿಮ್ಮ ಮೇಲೆ ಕೇಸಾಗುವುದಿಲ್ಲ. ಸಾವಿನ ಬಗ್ಗೆ ಅನುಮಾನವಿದ್ದರೆ ಪೊಲೀಸರು ನಾಲ್ಕು ಪ್ರಶ್ನೆ ಕೇಳಬಹುದು, ಅದಕ್ಕಿಂತ ಜಾಸ್ತಿ ಹೆದರಬೇಡಿ. ಠಾಣೆಯಿಂದ ಠಾಣೆಗೆ ಪದ್ಧತಿ ಸ್ವಲ್ಪ ಹೆಚ್ಚುಕಮ್ಮಿ, ಹಾಗಾಗಿ ತನಿಖಾಧಿಕಾರಿ ಹತ್ತಿರ ನೇರವಾಗಿ ಮಾತಾಡಿ. ಆದರೆ ಏನೇ ಆಗಲಿ, ಹೆಸರು ಹೇಳದೆ ಇರಬೇಡಿ.

ಶಹಾಪುರದ ಕಡೆಯ ಒಬ್ಬ ಹೆಣ್ಣುಮಗಳ ವಿಷಯ. ಗಂಡ ಇಲ್ಲಿ ರೈಲಿನಿಂದ ಬಿದ್ದು ತೀರಿಹೋಗಿದ್ದ. ಹವಾಲ್ದಾರರು ಒಳ್ಳೆಯವರು, ಅಂಗಿಯ ಕಾಲರಿನೊಳಗಿದ್ದ ಟೈಲರ್ ಪಟ್ಟಿ ಓದಿಸಿಕೊಂಡು, ಆ ಟೈಲರಿಗೇ ಫೋನ್ ಮಾಡಿ ಮನೆ ಹುಡುಕಿದ್ದರು. ಇಷ್ಟು ಮಾಡುವವರು ಎಷ್ಟು ಜನ ಹೇಳಿ? ಫೋನ್ ಎತ್ತಿದ ಮೈದುನ ‘ನಮ್ಮವನಲ್ಲ’ ಅಂದ. ಅಲ್ಲಿಗೆ ಫೈಲಿನಲ್ಲಿ ‘ಅನಾಮಧೇಯ ಪುರುಷ’. ಆಕೆಗೆ ಗೊತ್ತಾಗಿದ್ದು ವರ್ಷ ಕಳೆದ ಮೇಲೆ, ಮನೆಯೊಳಗೇ ಜಗಳವಾದಾಗ. ಠಾಣೆಯಲ್ಲಿ ಅಂಗಿಯ ಫೋಟೋ ತೋರಿಸಿದರು. ಬಿಳಿ ಗುಂಡಿಗಳ ನಡುವೆ ಒಂದು ಮಾತ್ರ ಕೆಂಪು ದಾರದಲ್ಲಿ ಹೊಲಿದಿತ್ತು. “ನಾನೇ ಹಚ್ಚಿದ್ದು ರೀ, ಬಿಳಿ ದಾರ ಇರಲಿಲ್ಲ” ಅಂದಳು. ಕಾನೂನಿಗೆ ಅಷ್ಟು ಸಾಲದು ಅಲ್ವಾ? ಪೋಸ್ಟ್‌ಮಾರ್ಟಂನಲ್ಲಿ ತೆಗೆದಿಟ್ಟ ಹಲ್ಲು ಇತ್ತು, ಮಗನ ರಕ್ತದ ಜೊತೆ ಡಿಎನ್‌ಎ ತಾಳೆಯಾಯಿತು. ಆಮೇಲೆ ಜನನ ಮರಣ ನೋಂದಣಿ ಕಾಯ್ದೆಯ 15ನೇ ಸೆಕ್ಷನ್ ಹಿಡಿದು ಮರಣ ದಾಖಲೆಗೆ ಹೆಸರು ಸೇರಿಸಲು ಓಡಾಟ. ಮೈದುನ ಒಂದು ‘ಹೌದು’ ಅಂದಿದ್ದರೆ ಇದ್ಯಾವುದೂ ಬೇಕಿರಲಿಲ್ಲ. ಹಲ್ಲು ತೆಗೆದಿಡದೇ ಹೋಗಿದ್ದರೆ ಏನು ಮಾಡುತ್ತಿದ್ದೆವೋ.

ದುಡ್ಡಿನ ಲೆಕ್ಕವನ್ನೂ ನೋಡಿ. ಟಿಕೆಟ್ ಅಥವಾ ಪಾಸ್ ಇದ್ದ ಪ್ರಯಾಣಿಕ ರೈಲಿನಿಂದ ಬಿದ್ದು ಸತ್ತರೆ ರೈಲ್ವೆ ಕಾಯ್ದೆ 124ಎ ಪ್ರಕಾರ 8 ಲಕ್ಷ ರೂಪಾಯಿ ಪರಿಹಾರವಿದೆ. ಹಳಿ ದಾಟುವಾಗ ಹೋದರೆ ಅದು ಸಿಗುವುದು ಕಷ್ಟ. ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್ಲಿಗೆ 1 ವರ್ಷದೊಳಗೆ ಅರ್ಜಿ ಹಾಕಬೇಕು. ತಡವಾದರೆ ಸರಿಯಾದ ಕಾರಣ ಕೊಡಬೇಕು, ಒಪ್ಪುವುದು ಬಿಡುವುದು ಅವರಿಗೆ ಬಿಟ್ಟದ್ದು. ಆಂಬುಲೆನ್ಸ್ ಬಾಡಿಗೆಗೆ ಹೆದರಿ 8 ಲಕ್ಷ ಕಳೆದುಕೊಂಡವರನ್ನು ನಾನು ನೋಡಿದ್ದೇನೆ.

‘ಇರಲಿ ಸರ್, 7 ವರ್ಷ ಕಾಯ್ತೀವಿ, ಆಮೇಲೆ ತಾನೇ ಸತ್ತಂತೆ ಆಗುತ್ತಲ್ಲ’ ಅನ್ನುವವರೂ ಇದ್ದಾರೆ. ತಾನೇ ಏನೂ ಆಗುವುದಿಲ್ಲ. ಸಾಕ್ಷ್ಯ ಅಧಿನಿಯಮದ 111ನೇ ಸೆಕ್ಷನ್ 7 ವರ್ಷ ಸುದ್ದಿಯಿಲ್ಲದವರ ಸಾವನ್ನು ಊಹಿಸಲು ದಾರಿ ಕೊಡುತ್ತದೆ, ಕೋರ್ಟಿಗೆ ಹೋಗಿ ಹೇಳಿಸಿಕೊಳ್ಳಬೇಕು. ಸತ್ತ ದಿನ ಯಾವುದು ಅಂತ ಅದು ಹೇಳುವುದೂ ಇಲ್ಲ. 2004ರಲ್ಲಿ ಜೀವವಿಮೆ ನಿಗಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಸ್ಪಷ್ಟ ಮಾಡಿದೆ. ಕಾಣೆಯಾದ ಮೇಲೆ ಕಂತು ಕಟ್ಟದೆ ಪಾಲಿಸಿ ಲ್ಯಾಪ್ಸ್ ಆಗಿದ್ದರೆ ವಿಮೆ ಸಿಗುವುದು ಸುಲಭವಲ್ಲ.

ಇನ್ನು ನಿಜವಾಗಿಯೂ ಸುದ್ದಿಯೇ ಇಲ್ಲದವರಿಗೆ. 24 ಗಂಟೆ ಕಾಯಬೇಕು ಅನ್ನುವ ಕಾನೂನು ಎಲ್ಲೂ ಇಲ್ಲ, ಇವತ್ತೇ ಮಿಸ್ಸಿಂಗ್ ದೂರು ಕೊಡಿ. ಮುಂಬೈಯಲ್ಲಿ ಶವವನ್ನು ಸಾಮಾನ್ಯವಾಗಿ ಒಂದು ವಾರದಷ್ಟೇ ಕಾಯ್ದಿಡುತ್ತಾರೆ, ಜಾಗವಿಲ್ಲ. ದೂರಿನಲ್ಲಿ ‘ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು’ ಅಂತ ಬರೆಸಿ ಏನೂ ಪ್ರಯೋಜನವಿಲ್ಲ, ಅರ್ಧ ಊರು ಹಾಗೇ ಇರುತ್ತದೆ. ಹಚ್ಚೆ, ಹಳೇ ಆಪರೇಷನ್ ಗುರುತು, ಮುರಿದ ಹಲ್ಲು, ಉಟ್ಟ ಬಟ್ಟೆ ಬರೆಸಿ. ಬರೆಸಿದ ಮೇಲೆ ನಂಬರ್ ಹಾಕಿದ ಪ್ರತಿ ಇಸ್ಕೊಂಡೇ ಠಾಣೆಯಿಂದ ಹೊರಡಿ.